ಪದ ಮಿಂಚಿಸುವ ವೇಗ-ಓದಿನ ಆ್ಯಪ್‌ಗಳು: ಕನ್ನಡಕ್ಕೆ ಒಗ್ಗುತ್ತವೆಯೇ?

ಪರದೆಯ ನಡುವೆ ಒಂದೊಂದೇ ಪದ ಮಿಂಚಿಸಿ, ನಿಮಿಷಕ್ಕೆ 500 ಪದ ಓದಿಸುತ್ತೇವೆ ಎನ್ನುವ ಆ್ಯಪ್‌ಗಳಿವು. ಲೆಕ್ಕ ಹಾಕಿದರೆ ಪದಕ್ಕೆ ಸಿಗುವುದು 120 ಮಿಲಿಸೆಕೆಂಡು. ಮಾಮೂಲಿ ಓದಿನಲ್ಲಿ ಕಣ್ಣು ಒಂದು ಕಡೆ ನಿಲ್ಲುವುದೇ 200ರಿಂದ 250. ಇನ್ನು ಪದದ ಅರ್ಥವನ್ನು ಸಂದರ್ಭಕ್ಕೆ ಹೊಂದಿಸುವಾಗ ಮಿದುಳಿನಲ್ಲಿ ಏಳುವ ಎನ್‌400 ಎಂಬ ವಿದ್ಯುತ್ ಅಲೆ (1980ರಲ್ಲಿ ಕೂಟಾಸ್ ಮತ್ತು ಹಿಲ್ಯಾರ್ಡ್ ವರದಿ ಮಾಡಿದ್ದು) ತುದಿ ಮುಟ್ಟುವುದು ಸುಮಾರು 400ಕ್ಕೆ. ಅಷ್ಟರಲ್ಲಿ ಇನ್ನೂ ಎರಡು ಪದ ಬಂದು ಹೋಗಿ, ಮೂರನೆಯದು ಪರದೆಯ ಮೇಲಿರುತ್ತದೆ!

ಕನ್ನಡದಲ್ಲಿ ತೊಡಕು ಹೆಚ್ಚು. ‘ಆ’ಗೂ ‘ಹೋಗಬೇಕಾಗಿದ್ದವರಿಗಾಗಿ’ಗೂ ಒಂದೇ ಸಮಯ ಕೊಟ್ಟರೆ ಎರಡನೆಯದು ಅರ್ಧಕ್ಕೇ ಜಾರುತ್ತದೆ. ಕ್ರಿಯಾಪದ ಕೊನೆಗೆ ಬರುವುದರಿಂದ ‘ಪೇಟೆಗೆ ಹೋದವನನ್ನು ಕಂಡವಳ ತಮ್ಮ ಬಂದ’ ಎಂಬಲ್ಲಿ ಯಾರು ಬಂದದ್ದು ಎಂದು ತಿಳಿಯಲು ಹಿಂದಿನದ್ದೆಲ್ಲ ನೆನಪಿನಲ್ಲಿರಬೇಕು. ಪುಟದಲ್ಲಾದರೆ ಕಣ್ಣು ತಾನಾಗಿ ಹಿಂದಕ್ಕೆ ಹೋಗಿ ನೋಡುತ್ತದೆ. ಇಂಗ್ಲಿಷ್ ಓದುಗರ ಕಣ್ಣಿನ ಜಿಗಿತಗಳಲ್ಲೇ ಶೇ. 10–15 ಹಿಮ್ಮುಖ. ಈ ಆ್ಯಪ್‌ಗಳಲ್ಲಿ ಆ ದಾರಿಯೇ ಬಂದ್. ಓದಿದ ಪದಗಳನ್ನು ಮರೆಮಾಡಿದಾಗ ಗ್ರಹಿಕೆ ಕುಸಿಯುವುದನ್ನು 2014ರ ಪ್ರಯೋಗವೊಂದು ತೋರಿಸಿದೆ.

ಬಳಸಲೇಬೇಕೆಂದರೆ ವೇಗ 150–200ಕ್ಕೆ ಇಳಿಸಿ, ಒಮ್ಮೆಗೆ ಮೂರು ಪದ ಕಾಣುವಂತೆ ಮಾಡಿ, ಪೂರ್ಣವಿರಾಮದಲ್ಲಿ ತುಸು ತಡೆ ಹಾಕಿ. ಸುದ್ದಿ ತಲೆಬರಹಗಳಿಗೆ ಪರವಾಗಿಲ್ಲ. ಕ್ರಯಪತ್ರ, ಪಠ್ಯಪುಸ್ತಕ ಓದಲು ಖಂಡಿತ ಬೇಡ. ಹಣ ಕೊಟ್ಟು ಕೊಳ್ಳುವಷ್ಟು ಸರಕು ಇದರಲ್ಲಿಲ್ಲ.