ಮೊಡವೆಗೆ ‘ಕೊಡಗಿನ ಜೇನಿನ ಕ್ರೀಮ್’ ಅಂತ ಯಾರಾದರೂ ಡಬ್ಬಿ ಕೊಟ್ಟರೆ ತಗೊಳ್ಳಬೇಡಿ

ನಿನ್ನೆ ರಾತ್ರಿ ತಂಗಿ ಒಂದು ಫೋಟೊ ಕಳಿಸಿದಳು. “ಇದು ನೀನೇ ಅಲ್ವಾ ಅಕ್ಕ?” ಅಂತ. ನಾನೇ. ಕಣ್ಣಿನ ಭಾಗ ಕತ್ತರಿಸಿದ್ದಾರೆ, ಆದರೆ ಗಲ್ಲದ ಕೆಳಗಿನ ಮಚ್ಚೆ ನನ್ನದೇ. ‘ಏಳೇ ದಿನದಲ್ಲಿ ಮೊಡವೆ ಮಾಯ’ ಅಂತ, ನನಗೆ ಆ ಕ್ರೀಮ್ ಮಾರಿದ ಮಡಿಕೇರಿಯ ಪಾರ್ಲರಿನವರು ಇನ್‌ಸ್ಟಾದಲ್ಲಿ ಹಾಕಿಕೊಂಡಿದ್ದಾರೆ. ಇಷ್ಟು ದಿನ ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ಆಗಲ್ಲ.

ನನಗೀಗ 36. ಕಾಲೇಜಿನಲ್ಲಿ ಒಂದು ಮೊಡವೆ ಕಂಡವಳಲ್ಲ. ಎರಡು ವರ್ಷದಿಂದ ಗಲ್ಲ, ದವಡೆಯ ಅಂಚಿನಲ್ಲಿ ಗಟ್ಟಿ ಗಟ್ಟಿ ಗುಳ್ಳೆ. ಒತ್ತಿದರೆ ನೋವು. ಮುಟ್ಟಿಗೆ ಒಂದು ವಾರ ಇದೆ ಅನ್ನುವಾಗ ಇನ್ನೂ ಜಾಸ್ತಿ. “ಈ ವಯಸ್ಸಲ್ಲಿ ಮೊಡವೆನಾ?” ಅಂತ ಕೇಳದವರಿಲ್ಲ. ಏಪ್ರಿಲ್‌ನಲ್ಲಿ ನಾದಿನಿ ಮದುವೆ ಬೇರೆ. ಫೆಬ್ರವರಿಯಲ್ಲಿ ಕಾಫಿ ಕುಯ್ಲು ಮುಗಿದ ಮೇಲೆ ಒಂದು ಶುಕ್ರವಾರ ಮಡಿಕೇರಿ ಸಂತೆಗೆ ಹೋದವಳು, ಹಾಗೇ ಐಬ್ರೋ ಮಾಡಿಸೋಣ ಅಂತ ಆ ಪಾರ್ಲರಿಗೆ ಹತ್ತಿದೆ.

“ಅಕ್ಕ, ಇದು ನಾವೇ ಮಾಡಿಸೋದು. ಕೊಡಗಿನ ಜೇನು, ಕಿತ್ತಳೆ ಸಿಪ್ಪೆ, ಕಾಫಿ ಹೂವು. ಒಂದು ಚೂರೂ ಕೆಮಿಕಲ್ ಇಲ್ಲ.”

ಬಿಳಿ ಪ್ಲಾಸ್ಟಿಕ್ ಡಬ್ಬಿ. ಲೇಬಲ್ ಇಲ್ಲ, ಮಾಡಿದವರ ಹೆಸರಿಲ್ಲ, ಬ್ಯಾಚ್ ನಂಬರಿಲ್ಲ. 1,200 ರೂಪಾಯಿ. ಬಿಲ್ ಇಲ್ಲ. ನಮ್ಮ ಮನೆ ಹಿಂದೆಯೇ ಕಿತ್ತಳೆ ಮರ ಇದೆ. ಜೇನು ಅತ್ತೆಯ ಕಪಾಟಿನಲ್ಲಿ ಸೀಸೆಗಟ್ಟಲೆ ಇದೆ. ಆಗಿನ್ನೂ ಕಾಫಿ ಅರಳಿಸುವ ಹೂಮಳೆಯೇ ಬಿದ್ದಿರಲಿಲ್ಲ, ಕಾಫಿ ಹೂವು ಎಲ್ಲಿಂದ ತಂದಿರಿ ಅಂತಾದರೂ ಕೇಳಬಹುದಿತ್ತು. ತೋಟದ ಮನೆಯವಳು ನಾನು! ಕೇಳಲಿಲ್ಲ. ದುಡ್ಡು ಕೊಟ್ಟು ಬಂದೆ.

ಐದೇ ದಿನ. ಕೆಂಪು ಇಳಿಯಿತು, ಗುಳ್ಳೆ ಒಣಗಿತು, ಮುಖ ಬೆಳ್ಳಗೆ ಹೊಳೆಯಿತು. ಫೋಟೊ ತೆಗೆದು ಅವರಿಗೆ ನಾನೇ ಕಳಿಸಿದೆ, ಥ್ಯಾಂಕ್ಸ್ ಅಂತ. ನಾನೇ! ಅಷ್ಟೇ ಅಲ್ಲ, ಪಕ್ಕದ ಎಸ್ಟೇಟಿನ ಇಬ್ಬರನ್ನೂ ಅಲ್ಲಿಗೆ ಕಳಿಸಿದೆ. ಅವರಿಗೆ ಮುಖ ತೋರಿಸಲು ಇವತ್ತಿಗೂ ಆಗುತ್ತಿಲ್ಲ.

ಮದುವೆ ಮುಗಿಯುವಾಗ ಮೂರನೇ ಡಬ್ಬಿಯೂ ಮುಗಿಯಿತು. ಇನ್ನು ಸಾಕು ಅಂತ ಬಿಟ್ಟೆ. ನಾಲ್ಕನೇ ದಿನಕ್ಕೆ ಮುಖಕ್ಕೆ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಉರಿ. ಮೊದಲು ಏನೂ ಇಲ್ಲದ ಕೆನ್ನೆ, ಹಣೆಯಲ್ಲೂ ಕೆಂಪು ಗುಳ್ಳೆ, ಎಲ್ಲ ಒಂದೇ ಅಳತೆ. ವಾಟ್ಸಾಪ್ ಮಾಡಿದೆ.

“ಒಳಗಿನ ವಿಷ ಹೊರಗೆ ಬರ್ತಿದೆ ಅಕ್ಕ, ಒಳ್ಳೇದೇ.”

ವಾರ ಬಿಟ್ಟು ಮತ್ತೆ ಕೇಳಿದೆ. “ನಿಮ್ದು ಉಷ್ಣದ ಬಾಡಿ. ಪಂದಿಕರಿ ಬಿಡಿ.” ನಮ್ಮ ಹಂದಿ ಮಾಂಸದ ಸಾರು, ಬಿಟ್ಟೆ ಕಣ್ರೀ! ನಾದಿನಿಯ ಗಂಡನ ಮನೆಯವರು ಊಟಕ್ಕೆ ಕರೆದರೆ ಪಂದಿಕರಿ ಮುಟ್ಟದೆ ಬರೀ ಅಕ್ಕಿ ಉಂಡೆ ಕಡಂಬುಟ್ಟು ತಿಂದು ಎದ್ದೆ. ಮೂರನೇ ಸಲ ಕೇಳಿದಾಗ ಬಂದ ಉತ್ತರ: “ಕ್ರೀಮ್ ನಿಲ್ಲಿಸಿದ್ದೇ ನಿಮ್ಮ ತಪ್ಪು. ಇನ್ನೊಂದು ಡಬ್ಬಿ ತಗೊಳ್ಳಿ, ನಿಮಗಂತ 1,000ಕ್ಕೆ ಕೊಡ್ತೀನಿ.”

ಇನ್ನೂರು ರೂಪಾಯಿ ಡಿಸ್ಕೌಂಟ್. ನನ್ನ ಸುಟ್ಟ ಮುಖಕ್ಕೆ.

ಜೂನ್ ಮಳೆಯಲ್ಲಿ ನೆನೆದುಕೊಂಡು ಚರ್ಮದ ಡಾಕ್ಟರ್ ಹತ್ತಿರ ಹೋದೆ. ಖಾಲಿ ಡಬ್ಬಿ ನೋಡಿದರು, ಮುಖ ನೋಡಿದರು. “ಇದು ಸ್ಟೀರಾಯ್ಡ್ ಹಚ್ಚಿದ ಮುಖದ ಹಾಗಿದೆ” ಅಂದರು. ಸ್ಟೀರಾಯ್ಡ್ ಊತ, ಕೆಂಪನ್ನು ಬೇಗ ಅಡಗಿಸುತ್ತದಂತೆ, ರಕ್ತನಾಳ ಕುಗ್ಗಿಸಿ ಮುಖ ಬೆಳ್ಳಗೆ ಕಾಣಿಸುತ್ತದಂತೆ. ದಿನಾ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಅದರಿಂದಲೇ ಮೊಡವೆ ಏಳುತ್ತದೆ, ಬಿಟ್ಟರೆ ಉರಿ. ಇಂಥ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಸರ್ಕಾರ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ. ಐಬ್ರೋ ಮಾಡುವ ಕುರ್ಚಿಯಲ್ಲಿ ಕೂರಿಸಿ ಕೊಡುವಂಥದ್ದಲ್ಲ.

ಮೊಡವೆಯೂ ಕೊಳೆಯಿಂದ ಬಂದದ್ದಲ್ಲ. ಹಾರ್ಮೋನಿನ ಆಟ, ಹೆಂಗಸರಿಗೆ ಮೂವತ್ತು ನಲವತ್ತರಲ್ಲೂ ಬರುತ್ತದೆ ಅಂದರು. ಮುಟ್ಟು ಏರುಪೇರಾಗುತ್ತಿದೆಯಾ, ಮುಖದಲ್ಲಿ ಕೂದಲು ಜಾಸ್ತಿ ಆಗಿದೆಯಾ ಅಂತೆಲ್ಲ ಕೇಳಿದರು, ಪಿಸಿಒಎಸ್ (ಹೆಂಗಸರಲ್ಲಿ ಹಾರ್ಮೋನ್ ಏರುಪೇರಾಗುವ ಅಂಡಾಶಯದ ತೊಂದರೆ) ಇದ್ದರೆ ಹಾಗಾಗುತ್ತದಂತೆ. ಮೊದಲು ಉರಿ ಇಳಿಸಿದರು, ಆಮೇಲೆ ಅಡಾಪಲೀನ್ ಅನ್ನುವ ಮೊಡವೆಯ ಜೆಲ್ ಬರೆದುಕೊಟ್ಟರು. ರಾತ್ರಿ ಮಾತ್ರ, ಇಡೀ ಮುಖಕ್ಕೆ ಬಟಾಣಿ ಕಾಳಷ್ಟು. ಬಸುರಿಯರಿಗೆ ಅದು ಬೇಡ. “ವ್ಯತ್ಯಾಸ ಕಾಣಲು 8ರಿಂದ 12 ವಾರ ಬೇಕಮ್ಮ” ಅಂದಾಗ ಅಲ್ಲೇ ಅಳು ಬಂತು. ನಾನು ಐದು ದಿನದ ಹೊಳಪು ನಂಬಿದವಳಲ್ವಾ.

ಪಾರ್ಲರಿನವರಿಗೆ ಫೋನ್ ಮಾಡಿ ಕೇಳಿದೆ. “ಸ್ಟೀರಾಯ್ಡ್ ಇದೆ ಅಂತ ಪ್ರೂಫ್ ಇದೆಯಾ? ಬಿಲ್ ಇದೆಯಾ?” ಇಲ್ಲ. ಲ್ಯಾಬಿಗೆ ಕಳಿಸಲು ಡಬ್ಬಿಯಲ್ಲಿ ಏನೂ ಉಳಿದಿಲ್ಲ. ಬಿಲ್ ಅವರೇ ಕೊಟ್ಟಿಲ್ಲ.

ಲೇಬಲ್ ಇಲ್ಲದ್ದನ್ನು ಮುಖಕ್ಕೆ ಹಚ್ಚಬೇಡಿ. ಈಗಾಗಲೇ ಹಚ್ಚುತ್ತಿದ್ದರೆ ನನ್ನ ಹಾಗೆ ಒಮ್ಮೆಲೇ ಬಿಟ್ಟು ಒದ್ದಾಡಬೇಡಿ, ಡಬ್ಬಿ ಸಮೇತ ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಪಂದಿಕರಿ ಬಿಡಬೇಕಾ ಅಂತಲೂ ಅವರನ್ನೇ ಕೇಳಿ.

ಫೋಟೊ ತೆಗೆಯಿರಿ ಅಂತ ಬೆಳಿಗ್ಗೆ ಮೆಸೇಜ್ ಮಾಡಿದೆ. ನನ್ನನ್ನು ಬ್ಲಾಕ್ ಮಾಡಿದ್ದಾರೆ. ತಂಗಿಯ ಫೋನಿನಲ್ಲಿ ನೋಡಿದರೆ ಫೋಟೊ ಇನ್ನೂ ಅಲ್ಲೇ ಇದೆ, ಕೆಳಗೆ ಯಾರೋ ‘ರೇಟ್ ಎಷ್ಟು?’ ಅಂತ ಕೇಳಿದ್ದಾರೆ.