ಚಾಕು ಸಲೀಸು ಮಾಡಲು ಹೋಗಿ ಬೆರಳು ಕೊಟ್ಟ ಕತೆ

ಎಡಗೈ ಒಂದರಲ್ಲೇ ಟೈಪ್ ಮಾಡುತ್ತಿದ್ದೇನೆ. ಅಕ್ಷರ ತಪ್ಪಿದ್ದರೆ ಹೊಂದಿಸಿಕೊಂಡು ಓದಿ. ಬಲಗೈ ತೋರುಬೆರಳಿಗೆ ಪ್ಲಾಸ್ಟಿಕ್ ಅಚ್ಚು ಕಟ್ಟಿ ಇದು ಐದನೇ ವಾರ.

ಜೇಬಿನಲ್ಲಿ ಮಡಚುವ ಚಾಕು ಇಟ್ಟುಕೊಂಡು ಓಡಾಡುವವರು, ಅದರಲ್ಲೂ ರಾತ್ರಿ ಊಟ ಆದ ಮೇಲೆ ಮಲಗಿಕೊಂಡು 'ಚಾಕು ಸ್ಮೂತ್ ಮಾಡೋದು ಹೇಗೆ' ಅಂತ ವಿಡಿಯೊ ನೋಡುವವರು, ದಯವಿಟ್ಟು ಇದನ್ನು ಓದಿದ ಮೇಲೆ ಸ್ಕ್ರೂ ಡ್ರೈವರ್ ಮುಟ್ಟಿ.

ನಮ್ಮದು ಸಾಗರದ ಕಡೆ ಅಡಿಕೆ ತೋಟ. ಕತ್ತಿ ಹೇಗೂ ಸೊಂಟದಲ್ಲಿ ಇರುತ್ತದೆ. ಆದರೆ ಸುತ್ಲಿ ದಾರ ಕತ್ತರಿಸಲು, ಗೊಬ್ಬರದ ಚೀಲದ ಬಾಯಿ ಬಿಚ್ಚಲು, ಡ್ರಿಪ್ ಪೈಪ್ ತುಂಡು ಮಾಡಲು ಕತ್ತಿ ಜಾಸ್ತಿ ಆಯ್ತು. ಅದಕ್ಕೇ ಎರಡು ವರ್ಷದ ಹಿಂದೆ ಆನ್‌ಲೈನಿನಲ್ಲಿ ಒಂದು ಮಡಚುವ ಚಾಕು ತರಿಸಿದ್ದೆ. 8 ಸೆಂ.ಮೀ. ಅಲಗು. ಯಾವ ಕಂಪನಿ ಅಂತ ಹೇಳುವುದಿಲ್ಲ. ಅದರದ್ದು ಒಂದಿಷ್ಟೂ ತಪ್ಪಿಲ್ಲ, ತಪ್ಪೆಲ್ಲ ನನ್ನದೇ.

ಅದರಲ್ಲಿ ಇದ್ದದ್ದು ಲೈನರ್ ಲಾಕ್. ಈಗ ಸಿಗುವ ಎಷ್ಟೋ ಚಾಕುಗಳಲ್ಲಿ ಇರುವುದು ಇದೇ. ಅಮೆರಿಕದ ಮೈಕೆಲ್ ವಾಕರ್ ಎಂಬ ಚಾಕು ತಯಾರಕರು 1980ರ ದಶಕದಲ್ಲಿ ಇದಕ್ಕೆ ಇವತ್ತಿನ ರೂಪ ಕೊಟ್ಟರು. ಹಿಡಿಯ ಒಳಗೆ ಎರಡೂ ಬದಿಗೆ ತೆಳು ತಗಡು ಇರುತ್ತದೆ. ಒಂದು ಬದಿಯ ತಗಡನ್ನು ಉದ್ದಕ್ಕೆ ಸೀಳಿ, ಸ್ವಲ್ಪ ಒಳಗೆ ಬಾಗಿಸಿರುತ್ತಾರೆ. ಅಲಗು ಪೂರ್ತಿ ತೆರೆದ ತಕ್ಷಣ ಆ ಪಟ್ಟಿ ಸ್ಪ್ರಿಂಗಿನ ಹಾಗೆ ಒಳಕ್ಕೆ ಜಿಗಿದು ಅಲಗಿನ ಬುಡಕ್ಕೆ ಆತುಕೊಂಡು ನಿಲ್ಲುತ್ತದೆ. ಬಾಗಿಲಿಗೆ ಅಗಳಿ ಹಾಕಿದ ಹಾಗೆ. ಹೆಬ್ಬೆರಳಿನಿಂದ ಪಟ್ಟಿಯನ್ನು ಪಕ್ಕಕ್ಕೆ ಸರಿಸಿದರೆ ಮಾತ್ರ ಮಡಚಲು ಆಗುತ್ತದೆ. ನೆನಪಿರಲಿ, ನಿಮ್ಮ ಬೆರಳಿಗೂ ಅಲಗಿಗೂ ನಡುವೆ ಇರುವುದು ಒಂದೂವರೆ ಮಿ.ಮೀ. ದಪ್ಪದ ತಗಡು ಅಷ್ಟೇ.

ಕತೆ ಶುರುವಾದದ್ದು ಮೇ ಕೊನೆಯಲ್ಲಿ. ಹಲಸಿನ ಹಣ್ಣಿನ ಕಾಲ. ತೋಟದಲ್ಲೇ ಒಂದು ಹಣ್ಣು ಬಿದ್ದು ಒಡೆದಿತ್ತು. ಮನೆಗೆ ಹೊತ್ತು ತರುವಷ್ಟು ತಾಳ್ಮೆ ಯಾರಿಗಿದೆ? ಜೇಬಿನ ಚಾಕು ತೆಗೆದು ಅಲ್ಲೇ ಸೀಳಿ ನಾಲ್ಕಾರು ತೊಳೆ ತಿಂದು, ಅಲಗನ್ನು ಪಂಚೆಗೆ ಒರೆಸಿ ಮಡಚಿ ಇಟ್ಟುಕೊಂಡೆ. ಎರಡು ದಿನ ಬಿಟ್ಟು ತೆರೆದರೆ ಬಿಗಿ. ಉಗುರು ಕಿತ್ತುಬರುವಷ್ಟು ಬಿಗಿ.

ಇದೇ ಹೊತ್ತಿಗೆ ಅಕ್ಕ-ಭಾವ ಬಂದರು. ಭಾವನ ಹತ್ತಿರ ಬೇರಿಂಗ್ ಹಾಕಿದ ಚಾಕು. ಬೆರಳಲ್ಲಿ ಹಾಗೆ ಮುಟ್ಟಿದರೆ ಸಾಕು, ಟಕ್ ಅಂತ ತೆರೆದುಕೊಳ್ಳುತ್ತದೆ. ಲಾಕ್ ಸರಿಸಿದರೆ ಅಲಗು ತಾನಾಗಿ ಬೀಳುತ್ತದೆ. ಜಗಲಿ ಮೇಲೆ ಕೂತು ಕವಳ ಹಾಕುತ್ತಾ ಟಕ್, ಟಕ್, ಟಕ್. ನನ್ನ ಚಾಕು ಕೈಗೆ ತಗೊಂಡು, "ಇದೇನೋ, ಹಳೇ ಕಾಲದ ಬಾಗಿಲ ತಿರುಗಣಿ ಇದ್ದ ಹಾಗಿದೆ" ಅಂದರು. ಅಷ್ಟೇ ಸಾಕಾಯಿತು ನನಗೆ.

ಆವತ್ತು ರಾತ್ರಿ ಹನ್ನೆರಡೂವರೆವರೆಗೆ ವಿಡಿಯೊ. ಬಿಚ್ಚು, ಉಜ್ಜು, ಪಾಲಿಶ್ ಮಾಡು, ಜೋಡಿಸು. ನೋಡಲು ಎಷ್ಟು ಸುಲಭ ಅಂದರೆ ಉಪ್ಪಿಟ್ಟು ಮಾಡುವುದೇ ಕಷ್ಟ ಅನ್ನಿಸಬೇಕು.

ಮೊದಲ ಪೆಟ್ಟು ಸ್ಕ್ರೂದಲ್ಲೇ. ಇಂಥ ಚಾಕುವಿಗೆ ನಕ್ಷತ್ರದ ತಲೆಯ ಟಾರ್ಕ್ಸ್ ಸ್ಕ್ರೂ ಇರುತ್ತದೆ. ನನ್ನದಕ್ಕೆ ಹಿಡಿಯ ಸ್ಕ್ರೂಗಳು ಟಿ6, ಅಲಗು ತಿರುಗುವ ಪಿವಟ್ ಸ್ಕ್ರೂ ಟಿ8. ಪೇಟೆಯಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗನ ಹತ್ತಿರ ಟಿ6 ಸಿಕ್ಕಿತು, ಟಿ8 ಇರಲಿಲ್ಲ. ಹೆಚ್ಚು ಕಡಿಮೆ ಹೊಂದುವ ಒಂದನ್ನು ತುರುಕಿ ಒತ್ತಿ ತಿರುಗಿಸಿದೆ. ಕಾರ್ಖಾನೆಯಲ್ಲಿ ಪಿವಟ್‌ಗೆ ಅಂಟು ಹಾಕಿರುತ್ತಾರೆ, ಅದು ನನಗೆ ಗೊತ್ತಿರಲಿಲ್ಲ. ಸ್ಕ್ರೂ ತಿರುಗಲಿಲ್ಲ, ಅದರ ನಕ್ಷತ್ರ ಮಾತ್ರ ಸವೆದು ಗುಂಡಗಾಯಿತು. ಆಮೇಲೆ ಅದೇ ಹುಡುಗ ಬೆಸುಗೆ ಕಡ್ಡಿ ಬಿಸಿ ಮಾಡಿ ಸ್ಕ್ರೂ ತಲೆಗೆ ಒಂದು ನಿಮಿಷ ಇಟ್ಟ. ಅಂಟು ಮೆತ್ತಗಾಗಿ ಬಿಚ್ಚಿಕೊಂಡಿತು. ಆವತ್ತೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

ಬಿಚ್ಚಿದಾಗ ಒಳಗೆ ಕಂಡದ್ದು ಎರಡು ವಾಷರ್. ಫಾಸ್ಫರ್ ಬ್ರಾಂಜಿನದು, ಹಳೆ ತಾಮ್ರದ ಬಣ್ಣ, ಕಾಗದಕ್ಕಿಂತ ತುಸು ದಪ್ಪ. ಅಲಗಿನ ಆಚೆ ಒಂದು, ಈಚೆ ಒಂದು. ಎರಡಕ್ಕೂ ಕಂದು ಬಣ್ಣದ ಅಂಟಂಟು ಏನೋ ಮೆತ್ತಿತ್ತು. ಹಳೇ ಗ್ರೀಸು ಕೆಟ್ಟಿದೆ ಅಂದುಕೊಂಡೆ. ಪೆಟ್ರೋಲಿನಲ್ಲಿ ಅದ್ದಿ ತೊಳೆದೆ, ಹೋಯಿತು. ಆಗಲೇ ಜೋಡಿಸಿದ್ದರೆ ಈ ಬರಹ ಇರುತ್ತಿರಲಿಲ್ಲ.

ಆದರೆ ವಿಡಿಯೊದಲ್ಲಿ ವಾಷರ್ ಉಜ್ಜುತ್ತಾರಲ್ಲ. ನಾನೂ ಗಾಜಿನ ಮೇಲೆ 2000 ನಂಬರಿನ ವಾಟರ್ ಪೇಪರ್ ಇಟ್ಟು, ನೀರು ಚಿಮುಕಿಸಿ ಬೆರಳಲ್ಲಿ ಒತ್ತಿ ಉಜ್ಜಿದೆ. ಒಂದು ಕಡೆ ಬೆರಳಿನ ಭಾರ ಜಾಸ್ತಿ ಬಿದ್ದು ವಾಷರ್ ಓರೆಯಾಗಿ ಸವೆಯಿತು. ಅದನ್ನು ಸರಿ ಮಾಡಲು ಇನ್ನಷ್ಟು ಉಜ್ಜಿದೆ. ಕೊನೆಗೆ ಒಂದು ವಾಷರ್ ತೆಳು, ಇನ್ನೊಂದು ದಪ್ಪ. ಜೋಡಿಸಿದರೆ ಅಲಗು ನಡುವೆ ನಿಲ್ಲದೆ ಒಂದು ಪಕ್ಕಕ್ಕೆ ವಾಲಿ ತಗಡಿಗೆ ಉಜ್ಜುತ್ತಿತ್ತು. ಪಿವಟ್ ಬಿಗಿ ಮಾಡಿದರೆ ತಿರುಗುವುದಿಲ್ಲ, ಸಡಿಲ ಮಾಡಿದರೆ ಅಲ್ಲಾಡುತ್ತದೆ. ಇದನ್ನೆಲ್ಲ ಜಗಲಿ ಮೇಲೆ ಕೂತು ಮಾಡಿದ್ದು. ಬೆಕ್ಕು ಬಂದು ಒಂದು ಸಣ್ಣ ಸ್ಕ್ರೂ ಬೀಳಿಸಿತು, ಅದನ್ನು ಹುಡುಕಲು ಅರ್ಧ ಗಂಟೆ. ಅದು ಬೇರೆ ಕತೆ ಬಿಡಿ.

ಇಲ್ಲಿಯವರೆಗೆ ಹಾಳಾದದ್ದು ಚಾಕು ಮಾತ್ರ. ಮುಂದೆ ಮಾಡಿದ ಎರಡು ಕೆಲಸಗಳು ಕೈಗೇ ಕುತ್ತು ತಂದವು.

ಮೊದಲನೆಯದು. ಲಾಕ್ ಪಟ್ಟಿಯ ಮೇಲೆ ಸಾಸಿವೆ ಕಾಳಿನಷ್ಟು ಚಿಕ್ಕ ಗುಂಡೊಂದು ಕೂತಿರುತ್ತದೆ. ಡಿಟೆಂಟ್ ಬಾಲ್ ಅನ್ನುತ್ತಾರೆ. ಚಾಕು ಮಡಚಿದಾಗ ಆ ಗುಂಡು ಅಲಗಿನಲ್ಲಿರುವ ಸಣ್ಣ ಕುಳಿಗೆ ಕೂರುತ್ತದೆ. ಜೇಬಿನಲ್ಲಿದ್ದಾಗ ಚಾಕು ತಾನಾಗಿ ತೆರೆದುಕೊಳ್ಳದ ಹಾಗೆ ಹಿಡಿದಿಡುವುದು ಮುಖ್ಯವಾಗಿ ಅದೇ. ತೆರೆಯುವಾಗ ಶುರುವಿನಲ್ಲಿ ಸ್ವಲ್ಪ ಬಿಗಿ ಅನ್ನಿಸುವುದು ಇದರಿಂದಲೇ. ನನಗೆ ಆ ಬಿಗಿಯೂ ಬೇಡವಾಗಿತ್ತು. ಇಕ್ಕಳದಲ್ಲಿ ಪಟ್ಟಿಯನ್ನು ಹಿಡಿದು ಹೊರಗೆ ಒಂಚೂರು ಬಗ್ಗಿಸಿದೆ. ಗುಂಡಿನ ಒತ್ತಡ ಕಡಿಮೆಯಾಯಿತು. ಚಾಕು ಬೆಣ್ಣೆಯ ಹಾಗೆ ತೆರೆಯಿತು. ಅದೇ ಪಟ್ಟಿಯೇ ಲಾಕ್ ಕೂಡ ಅಲ್ವಾ? ಗುಂಡಿನ ಬಲ ಕಡಿಮೆಯಾದರೆ ಲಾಕ್ ಒಳಗೆ ಜಿಗಿಯುವ ಬಲವೂ ಕಡಿಮೆಯಾಗುತ್ತದೆ. ಅಷ್ಟು ಯೋಚನೆ ಹೋಗಲಿಲ್ಲ.

ಎರಡನೆಯದು ಇನ್ನೂ ದೊಡ್ಡ ಪೆದ್ದತನ. ಲಾಕ್ ಸರಿಸುವಾಗ ಕಚ್ಚಿಕೊಂಡ ಹಾಗೆ ಆಗುತ್ತಿತ್ತು. ಲಾಕ್ ಆತುಕೊಳ್ಳುವ ಅಲಗಿನ ಬುಡ ನೇರವಾಗಿ ಇರುವುದಿಲ್ಲ, ಸುಮಾರು 7-10 ಡಿಗ್ರಿ ಇಳಿಜಾರು ಇಟ್ಟಿರುತ್ತಾರೆ. ಪಟ್ಟಿ ಆ ಇಳಿಜಾರಿಗೆ ಬೆಣೆಯ ಹಾಗೆ ಕೂರುತ್ತದೆ. ಇಳಿಜಾರು ಹೆಚ್ಚಾದರೆ ಜಾರುತ್ತದೆ, ಕಡಿಮೆಯಾದರೆ ಕಚ್ಚುತ್ತದೆ. ಹೊಸತರಲ್ಲಿ ಸ್ವಲ್ಪ ಕಚ್ಚುವುದು ಸಾಮಾನ್ಯ. ಪೆನ್ಸಿಲ್ ತಗೊಂಡು ಅಲ್ಲಿ ನಾಲ್ಕು ಗೀಟು ಎಳೆದರೆ, ಅದರ ಸೀಸದ ಪುಡಿಗೇ ಸರಿಹೋಗುತ್ತದೆ. ನಾನು ಪೆನ್ಸಿಲ್ ಬಿಟ್ಟು ಕೈ ಗ್ರೈಂಡರ್ ತಗೊಂಡೆ. ಬಟ್ಟೆ ಚಕ್ರಕ್ಕೆ ಪಾಲಿಶ್ ಹಚ್ಚಿ ಕನ್ನಡಿಯ ಹಾಗೆ ಹೊಳೆಯುವವರೆಗೆ ತಿರುಗಿಸಿದೆ. ಅಂಚು ದುಂಡಗಾಯಿತು. ಅದರ ಮೇಲೆ ಒಂದು ಹನಿ ಎಣ್ಣೆ ಬೇರೆ.

ಆಮೇಲಿನ ಒಂಬತ್ತು ದಿನ ನಾನು ರಾಜ. ಚಾಕು ಟಕ್ ಅಂತ ತೆರೆಯುತ್ತಿತ್ತು, ಸುಯ್ ಅಂತ ಬೀಳುತ್ತಿತ್ತು. ಭಾವನಿಗೆ ವಿಡಿಯೊ ಮಾಡಿ ಕಳಿಸಿದೆ. ನಾಲ್ಕನೇ ದಿನ ಜೇಬಿಗೆ ಕೈ ಹಾಕಿದಾಗ ಹೆಬ್ಬೆರಳಿಗೆ ಚುರ್ ಅಂತು. ಚಾಕು ಒಳಗೇ ಅರ್ಧ ತೆರೆದಿತ್ತು. ಬಟ್ಟೆಗೆ ಸಿಕ್ಕಿ ತೆರೆದಿರಬೇಕು ಅಂದುಕೊಂಡು ಸುಮ್ನಾದೆ. ಅದೇ ಸೂಚನೆ, ಇನ್ನೆಷ್ಟು ಚೆನ್ನಾಗಿ ಹೇಳಬೇಕಿತ್ತು ಆ ಚಾಕು?

ಜೂನ್ ಮಧ್ಯ, ಮಳೆ ಹಿಡಿದಿತ್ತು. ಹಳೇ ಪ್ಲಾಸ್ಟಿಕ್ ಕ್ಯಾನೊಂದರ ಮೇಲ್ಭಾಗ ಕತ್ತರಿಸಿ ದನಕ್ಕೆ ಅಕ್ಕಚ್ಚು ಇಡುವ ಬಾನಿ ಮಾಡೋಣ ಅಂತ ಕೊಟ್ಟಿಗೆಯಲ್ಲಿ ಕೂತೆ. ಮೊನೆ ಚುಚ್ಚಿದೆ, ಕೊಯ್ಯುತ್ತಾ ಹೋದೆ. ಮೂಲೆಯಲ್ಲಿ ಪ್ಲಾಸ್ಟಿಕ್ ದಪ್ಪ. ಅಲಗು ಸಿಕ್ಕಿಕೊಂಡಿತು. ಹಿಂದಕ್ಕೆ ಜಗ್ಗಿದೆ. ಜಗ್ಗಿದಾಗ ಭಾರ ಬಿದ್ದದ್ದು ಅಲಗಿನ ಬೆನ್ನಿನ ಮೇಲೆ. ಲಾಕ್ ಜಾರಿತು. ಸದ್ದು ಕೂಡ ಆಗಲಿಲ್ಲ. ಅಲಗು ಸೀದಾ ಬಂದು ಹಿಡಿ ಸುತ್ತಿಕೊಂಡಿದ್ದ ತೋರುಬೆರಳಿನ ಒಳಬದಿಗೆ ಕೂತಿತು. ಸಾಣೆ ಹಿಡಿದು ಎರಡೇ ದಿನ ಆಗಿತ್ತು.

ನೋವು ಅಷ್ಟಿರಲಿಲ್ಲ. ರಕ್ತ ಇತ್ತು. ಟವೆಲ್ ಸುತ್ತಿ ಒತ್ತಿ ಹಿಡಿದುಕೊಂಡೆ, ಪಕ್ಕದ ಮನೆಯವರು ಜೀಪಿನಲ್ಲಿ ಕರೆದುಕೊಂಡು ಹೋದರು. ಡಾಕ್ಟರು ಗಾಯ ತೊಳೆದು, ಟಿಟಿ ಚುಚ್ಚಿ, ಹೊಲಿಗೆ ಹಾಕುವ ಮೊದಲು ನನ್ನ ಬೆರಳಿನ ನಡುಭಾಗ ಹಿಡಿದುಕೊಂಡು, "ತುದಿ ಮಾತ್ರ ಮಡಚಿ ನೋಡಣ" ಅಂದರು. ಮಡಚಿದೆ. ಅಂದರೆ ಮಡಚಿದೆ ಅಂದುಕೊಂಡೆ. ತುದಿ ಕದಲಲಿಲ್ಲ. ಇನ್ನೊಮ್ಮೆ. ಇಲ್ಲ. ಬೇರೆಯವರ ಬೆರಳು ನೋಡುತ್ತಿರುವ ಹಾಗೆ ನೋಡಿದೆ. ಮಡಚುವ ಸ್ನಾಯುರಜ್ಜು ಕತ್ತರಿಸಿತ್ತು. ಅದನ್ನು ತಡ ಮಾಡದೆ ಜೋಡಿಸಬೇಕು, ದಿನ ಕಳೆದಷ್ಟೂ ಕತ್ತರಿಸಿದ ತುದಿ ಒಳಗೆ ಸರಿದುಕೊಳ್ಳುತ್ತದೆ ಅಂದರು. ಮರುದಿನ ಶಿವಮೊಗ್ಗದಲ್ಲಿ ಆಪರೇಷನ್. ಆರು ವಾರ ಅಚ್ಚು, ಮೂರು ತಿಂಗಳು ಭಾರ ಎತ್ತುವ ಹಾಗಿಲ್ಲ. ಖರ್ಚಾದ ದುಡ್ಡಿಗೆ ಅಂಥ ಚಾಕು ಇಪ್ಪತ್ತು ಬರುತ್ತಿತ್ತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬೆರಳು ಆಳವಾಗಿ ಕೊಯ್ದುಕೊಂಡರೆ ಮನೆಯಲ್ಲಿ ಅರಿಶಿನ ಮೆತ್ತಿ ಕಟ್ಟಿ ಕೂರಬೇಡಿ. ಪ್ರತಿ ಗಂಟನ್ನೂ ಬೇರೆ ಬೇರೆ ಮಡಚಲು ಆಗುತ್ತದಾ, ತುದಿಯಲ್ಲಿ ಮುಟ್ಟಿದ್ದು ಗೊತ್ತಾಗುತ್ತದಾ ನೋಡಿ. ಇಲ್ಲ ಅಂದರೆ ಅದೇ ದಿನ ಹೊರಡಿ.

ಮನೆಗೆ ಬಂದ ಮೇಲೆ ಅಮ್ಮನಿಗೆ ಪೂರ್ತಿ ಕತೆ ಹೇಳಿದೆ. ವಾಷರ್‌ಗೆ ಮೆತ್ತಿದ್ದ ಕಂದು ಅಂಟಿನ ವಿಷಯ ಬಂದಾಗ ಅಮ್ಮ ಪಾತ್ರೆ ತೊಳೆಯುವುದು ನಿಲ್ಲಿಸಿ ತಿರುಗಿ ನೋಡಿದರು. "ಹಲಸಿನ ಮೇಣ ಅಲ್ದೇನೋ ಅದು? ಒಂಚೂರು ಕೊಬ್ಬರಿ ಎಣ್ಣೆ ಹಚ್ಚಿದ್ರೆ ಹೋಗ್ತಿತ್ತಲ್ಲೋ." ಹುಟ್ಟಿದಾಗಿನಿಂದ ಕೈಗೆ ಎಣ್ಣೆ ಹಚ್ಚಿಕೊಂಡು ಹಲಸಿನಹಣ್ಣು ಬಿಡಿಸುವ ಮನೆಯಲ್ಲಿ ಬೆಳೆದವನಿಗೆ ಇದು ಹೊಳೆಯಲಿಲ್ಲ. ಭಾವ ನೋಡಲು ಬಂದವರು, "ಚಾಕು ಚೆನ್ನಾಗಿ ಮಡಚುತ್ತೆ ಮಾರಾಯ, ಬೆರಳೇ ಮಡಚಲ್ಲ" ಅಂದರು. ಅಕ್ಕ ಅವರನ್ನು ಒಳಗೆ ಕರೆದುಕೊಂಡು ಹೋದಳು.

ನಿಮ್ಮ ಚಾಕು ಬಿಗಿಯಾಗಿದ್ದರೆ ಏನು ಮಾಡಬೇಕು ಅಂತ ಕೇಳುತ್ತೀರಿ. ಬಿಚ್ಚಬೇಡಿ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಹಳೇ ಟೂತ್‌ಬ್ರಷ್. ನೀರಿನೊಳಗೇ ಹತ್ತಿಪ್ಪತ್ತು ಸಲ ನಿಧಾನವಾಗಿ ತೆರೆದು ಮಡಚಿ. ಜೇಬಿನ ದಾರದ ನಾರು, ಮಣ್ಣು, ಅಡಿಕೆ ಚೊಗರು ಎಲ್ಲ ಬರುತ್ತದೆ. ಮೇಣ ಇದ್ದರೆ ಮೊದಲು ಕೊಬ್ಬರಿ ಎಣ್ಣೆ, ಆಮೇಲೆ ಸೋಪು. ಕೊಬ್ಬರಿ ಎಣ್ಣೆಯನ್ನು ಒಳಗೆ ಹಾಗೇ ಬಿಡಬೇಡಿ, 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ನಮ್ಮ ಕಡೆ ಡಿಸೆಂಬರ್ ಬೆಳಿಗ್ಗೆ ಬಾಟಲಿ ನೋಡಿದವರಿಗೆ ಗೊತ್ತು. ಚೆನ್ನಾಗಿ ಒಣಗಿಸಿ ಪಿವಟ್‌ಗೆ ಹೊಲಿಗೆ ಮಷಿನ್ ಎಣ್ಣೆ ಒಂದೇ ಹನಿ. ಲಾಕ್ ಆತುಕೊಳ್ಳುವ ಜಾಗಕ್ಕೆ ಎಣ್ಣೆ ಬೇಡ. ಇನ್ನೂ ಬಿಗಿ ಅನ್ನಿಸಿದರೆ ಪಿವಟ್ ಸ್ಕ್ರೂವನ್ನು ಸರಿಯಾದ ಅಳತೆಯ ಸ್ಕ್ರೂ ಡ್ರೈವರ್‌ನಲ್ಲಿ ಕೂದಲೆಳೆಯಷ್ಟು ಸಡಿಲಿಸಿ. ಹೊಸ ಚಾಕು ಬಳಸುತ್ತಾ ಹೋದರೆ ತಾನೇ ಸಲೀಸಾಗುತ್ತದೆ, ಅದಕ್ಕೆ ಸ್ವಲ್ಪ ಸಮಯ ಕೊಡಿ.

ಈಗಾಗಲೇ ಯಾರಾದರೂ 'ಸ್ಮೂತ್' ಮಾಡಿದ ಚಾಕು ನಿಮ್ಮ ಹತ್ತಿರ ಇದೆಯಾ? ಮಡಚಿ, ಅಲಗು ಕೆಳಕ್ಕೆ ಬೀಳುವ ಹಾಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ತೆರೆದರೆ ಜೇಬಿಗೆ ಹಾಕಬೇಡಿ. ಆಮೇಲೆ ತೆರೆದು, ಬೆರಳುಗಳು ಅಲಗಿನ ದಾರಿಯಲ್ಲಿ ಇರದ ಹಾಗೆ ಹಿಡಿಯನ್ನು ಪಕ್ಕದಿಂದ ಹಿಡಿದುಕೊಂಡು, ಬೆನ್ನನ್ನು ಮಡಚಿಟ್ಟ ಬಟ್ಟೆಗೆ ಒತ್ತಿ ನೋಡಿ. ಲಾಕ್ ಒಂಚೂರು ಜಾರಿದರೂ ಆ ಚಾಕುವಿನ ಕೆಲಸ ಮುಗಿಯಿತು. ಹಾಗೆ ಆದದ್ದನ್ನು ಇನ್ನೊಬ್ಬರಿಗೆ ಮಾರಬೇಡಿ, ದಾನವೂ ಬೇಡ.

ನನ್ನ ಚಾಕು ಈಗ ಬಿಸ್ಕೆಟ್ ಡಬ್ಬಿಯಲ್ಲಿ ಬಿಡಿಬಿಡಿಯಾಗಿದೆ. ಅಲಗು ಮಾತ್ರ ನಮ್ಮೂರಿನ ಆಚಾರಿ ಒಯ್ದಿದ್ದಾರೆ. ಪಿವಟ್ ತೂತಿಗೆ ಮೊಳೆ ಹೊಡೆದು ಮರದ ಹಿಡಿ ಹಾಕಿಕೊಡುತ್ತಾರಂತೆ. "ಮಡಚೋ ಹಂಗೆ ಮಾಡ್ಲಾ?" ಅಂತ ಕೇಳಿದರು, ಮುಖದಲ್ಲಿ ನಗು ಇರಲಿಲ್ಲ. ಬೇಡ ಅಂದೆ.