ಗಲ್ಫ್‌ನಿಂದ ಒಣ ನಿಂಬೆ ತರಿಸುವವರೇ, ಸ್ವಲ್ಪ ತಡೆಯಿರಿ

ಬಳ್ಳಾರಿಯಲ್ಲಿ ಅರೇಬಿಯನ್ ಊಟದ ಹೋಟೆಲ್‌ಗಳು ಬಂದ ಮೇಲೆ ಲೂಮಿ ಕೇಳುವವರು ಹುಟ್ಟಿಕೊಂಡಿದ್ದಾರೆ. ಒಮಾನ್, ಇರಾನ್ ಕಡೆ ಸಣ್ಣ ನಿಂಬೆಯನ್ನು ಉಪ್ಪುನೀರಿನಲ್ಲಿ ಕುದಿಸಿ, ಬಿಸಿಲಿನಲ್ಲಿ ಕಪ್ಪಗಾಗುವವರೆಗೆ ಒಣಗಿಸುತ್ತಾರಲ್ಲ, ಅದೇ. ಇಲ್ಲಿ ಮಾರುವವರು ಕಡಿಮೆ, ರೇಟು ಚೆನ್ನಾಗಿದೆ. ಅದಕ್ಕೇ ನಾವೂ ದುಬೈನ ಒಬ್ಬ ವ್ಯಾಪಾರಿಯಿಂದ ತರಿಸಿದೆವು.

ಸ್ಯಾಂಪಲ್ ಬಹಳ ಚೆನ್ನಾಗಿತ್ತು. ಹಗುರ, ಗಟ್ಟಿ, ಒಡೆದರೆ ಪಟ್ಟನೆ ಸೀಳುತ್ತಿತ್ತು, ಒಳಗೆ ಕಪ್ಪು ಹೊಳಪು. ಪೂರ್ತಿ ದುಡ್ಡು ಮೊದಲೇ ಹಾಕಿದರೆ ಮಾತ್ರ ಲೋಡ್ ಮಾಡುತ್ತೇನೆ ಅಂದ. ಹಾಕಿದೆವು. ಚೆನ್ನೈ ಬಂದರಿನಿಂದ ಬಂದ ಚೀಲ ಬಿಚ್ಚಿದಾಗ ಮೇಲೆ ಎಲ್ಲ ಸರಿಯಾಗೇ ಕಂಡಿತು. ಆದರೆ ಹೆಬ್ಬೆರಳಲ್ಲಿ ಒತ್ತಿದರೆ ಕಾಯಿ ತಗ್ಗುತ್ತಿತ್ತು. ಒಡೆದು ನೋಡಿದರೆ ಹತ್ತಿಯಂಥ ಬೂದು ಬೂಷ್ಟು, ಕೆಲವದರಲ್ಲಿ ಹುಳದ ಪುಡಿ. ಕಪ್ಪು ಸಿಪ್ಪೆ ನೋಡಿ ಒಳಗಿನದು ಯಾರಿಗೆ ಗೊತ್ತಾಗಬೇಕು?

ಫೋನ್ ಮಾಡಿದರೆ ಆತ ಹೇಳಿದ್ದು ಕೇಳಿ: ‘ನಿಮ್ಮೂರಲ್ಲಿ ಬಿಸಿಲಿಗೇನು ಬರವಾ? ಹರವಿ ಒಣಗಿಸಿ ಮಾರಿ.’ ದಯವಿಟ್ಟು ಯಾರೂ ಈ ಮಾತು ಕೇಳಬೇಡಿ. ಒಣಗಿಸಿದರೆ ಬೂಷ್ಟು ಉದುರುತ್ತದೆ, ನಿಜ. ಆದರೆ ಕೆಲವು ಬೂಷ್ಟು ಬಿಡುವ ಅಫ್ಲಾಟಾಕ್ಸಿನ್‌ನಂಥ ವಿಷ ಬಿಸಿಲಿಗೂ ಹೋಗಲ್ಲ, ಒಲೆ ಮೇಲೆ ಕುದಿಸಿದರೂ ಹೋಗಲ್ಲ. ನಾವು ಇಡೀ ಲಾಟ್ ಬಿಸಾಕಿದೆವು.

ಬಳ್ಳಾರಿ ಒಣ ಊರು, ಇಲ್ಲಿ ಮಾಲು ಕೆಡಲ್ಲ ಅನ್ನೋ ಲೆಕ್ಕ ಈ ಸರಕಿಗೆ ನಡೆಯಲ್ಲ. ಸರಿಯಾಗಿ ಒಣಗದ ಮಾಲು ಕಂಟೇನರ್‌ನಲ್ಲಿ ಹಗಲು ಕಾದು ಆವಿ ಬಿಡುತ್ತದೆ. ರಾತ್ರಿ ತಗಡು ತಣ್ಣಗಾದಾಗ ಅದೇ ನೀರಾಗಿ ಚೀಲದ ಮೇಲೆ ತೊಟ್ಟಿಕ್ಕುತ್ತದೆ. ಮೇಲಿಂದ ಬಂದರಿನ ತೇವ. ಕಾಗದಪತ್ರ ತಡವಾದರೆ ಮಾಲು ಅಲ್ಲೇ ಕೂರುತ್ತದೆ, ಬಾಡಿಗೆ ಬೇರೆ ಬೆಳೆಯುತ್ತದೆ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ) ನಿಯಮದ ಪ್ರಕಾರ ಲೇಬಲ್‌ನಲ್ಲಿ ಆಮದುದಾರನ ಹೆಸರು, ಲೈಸೆನ್ಸ್ ನಂಬರ್ ಬಿಟ್ಟುಹೋಗಿದ್ದರೆ ಬಂದರಿನಲ್ಲೇ ಸ್ಟಿಕ್ಕರ್ ಹಚ್ಚಿಸಬಹುದು. ಎಕ್ಸ್‌ಪೈರಿ ದಿನಾಂಕಕ್ಕೆ ಆ ಅವಕಾಶ ಇಲ್ಲ. ಅದು ಅಲ್ಲಿಂದಲೇ ಅಚ್ಚಾಗಿ ಬರಬೇಕು.

‘ಎಲ್‌ಸಿ ಮಾಡಿಸಿದರೆ ಸೇಫ್ ಅಲ್ವಾ?’ ಅಂತ ಕೆಲವರು ಕೇಳುತ್ತಾರೆ. ಎಲ್‌ಸಿ ಅಂದರೆ ಲೆಟರ್ ಆಫ್ ಕ್ರೆಡಿಟ್, ಹೇಳಿದ ಕಾಗದಗಳನ್ನು ಕೊಟ್ಟರೆ ಮಾರುವವನಿಗೆ ದುಡ್ಡು ಕೊಡುತ್ತೇವೆ ಅನ್ನೋ ಬ್ಯಾಂಕಿನ ಭರವಸೆ. ಬ್ಯಾಂಕಿನವರು ನೋಡೋದು ಕಾಗದ ಮಾತ್ರ, ಚೀಲ ಬಿಚ್ಚಿ ನೋಡಲ್ಲ. ಹಾಗಾಗಿ ಮೂರನೆಯವರು ಲೋಡ್ ಆಗುವ ಮುಂಚೆ ಕಾಯಿ ಒಡೆದು, ತೇವ ಅಳೆದು ಕೊಟ್ಟ ತಪಾಸಣೆ ಪತ್ರವೂ ಎಲ್‌ಸಿಯ ಕಾಗದಗಳಲ್ಲಿ ಇರಬೇಕು ಅಂತ ಬರೆಸಿ. ಇದಕ್ಕೆ ಒಪ್ಪದವನ ಹತ್ತಿರ ವ್ಯಾಪಾರವೇ ಬೇಡ.

ಇನ್ನು ಆಸೆಗೆ ಬಿದ್ದು ಜಾಸ್ತಿ ತರಿಸಬೇಡಿ. ಒಂದು ದೊಡ್ಡ ಪಾತ್ರೆ ಅನ್ನಕ್ಕೆ ಕೆಲವೇ ಕಾಯಿ ಸಾಕು. ಸಿಗದಿದ್ದರೆ ಹೋಟೆಲಿನವರು ಸುಮ್ನೆ ಹಸಿ ನಿಂಬೆ ಹಿಂಡಿ ಮುಗಿಸುತ್ತಾರೆ, ನಿಮ್ಮ ಗೋಡೌನ್‌ಗಾಗಿ ಯಾರೂ ಕಾಯಲ್ಲ.

ಅದೇ ಮನುಷ್ಯ ಈಗ ಬೇರೆ ಕಂಪನಿ ಹೆಸರು ಹೇಳಿಕೊಂಡು ಗಂಗಾವತಿ ಕಡೆಯ ವ್ಯಾಪಾರಿಗಳಿಗೆ ವಾಟ್ಸಾಪ್ ಮಾಡುತ್ತಿದ್ದಾನೆ. ನಮಗೆ ಕಳಿಸಿದ್ದ ಫೋಟೊಗಳನ್ನೇ ಕಳಿಸುತ್ತಿದ್ದಾನಂತೆ.